ನರಿಗೆ ಯಾವ ಕೋವಿ?



ಕಬ್ಬಿನ ಗದ್ದೆಗೆ ನರಿ ನುಗ್ಗಿದಾಗ, ಕೊಟ್ಟಿಗೆಯಿಂದ ಕುರಿಮರಿ ಕಾಣೆಯಾದಾಗ, "ಒಂದು ಕೋವಿ ಇದ್ದಿದ್ದರೆ!" ಎಂದು ಅನ್ನಿಸುವುದು ಸಹಜ. ಆದರೆ ಎಂಥ ಕೋವಿ, ಅದಕ್ಕೆ ಲೈಸೆನ್ಸು ಏನು, ಅದನ್ನು ಯಾವ ಪ್ರಾಣಿಯ ಮೇಲೆ ಹಾರಿಸಬಹುದು ಎಂಬ ಮೂರು ಸಂಗತಿಗಳನ್ನು ಮೊದಲೇ ತಿಳಿದಿರಬೇಕು.

ಕೋವಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ರೈಫಲ್ಲಿನ ನಳಿಗೆಯೊಳಗೆ ತಿರುಪಿನಂತೆ ಗೆರೆ ಕೊರೆದಿರುತ್ತದೆ. ಅದರ ಗುಂಡು ಗಿರ್ರನೆ ತಿರುಗುತ್ತಾ ಬಹು ದೂರ ಹೋಗುತ್ತದೆ. .22 ರೈಫಲ್ ಎಂದರೆ ನಳಿಗೆಯ ಅಗಲ ಒಂದು ಅಂಗುಲದ ನೂರರಲ್ಲಿ ಸುಮಾರು 22 ಭಾಗ. ಅಷ್ಟು ಸಣ್ಣ ಗುಂಡೂ ಗುರಿ ತಪ್ಪಿದರೆ ಒಂದು ಮೈಲಿಯಾಚೆ ಹೋಗಬಲ್ಲದು. ನಮ್ಮ ಹೊಲಗಳ ಸುತ್ತ ದನಗಳಿವೆ, ಕೂಲಿಯಾಳುಗಳಿದ್ದಾರೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಇಂಥ ಕಡೆ ರೈಫಲ್ ತಕ್ಕದ್ದಲ್ಲ.

ಎರಡನೆಯದು ಗೆರೆಯಿಲ್ಲದ ನಯ ನಳಿಗೆಯ ಕೋವಿ. ಇದರ ಚರೆ ಹರಡಿಕೊಂಡು ಬೇಗ ಬಲಗುಂದುತ್ತದೆ. 12 ಬೋರ್ ಎಂದರೆ, ಆ ನಳಿಗೆಗೆ ಸರಿಹೊಂದುವ 12 ಸೀಸದ ಗುಂಡುಗಳು ಸೇರಿ ಒಂದು ಪೌಂಡು ತೂಗುತ್ತವೆ ಎಂದರ್ಥ. ಬೋರಿನ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು.

1959ರ ಆಯುಧ ಕಾಯಿದೆಯ 13ನೆಯ ಕಲಮು ಬೆಳೆ ರಕ್ಷಣೆಗೆ ಹೇಳಿರುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಕೇಪಿನ ಕೋವಿಯಂಥದನ್ನು. ಅದು ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಗೆಯ ಬೇರೆ ಕೋವಿಗೂ ಲೈಸೆನ್ಸು ಕೊಡಬಹುದು. ಅರ್ಜಿ ಬಂದಾಗ ಹತ್ತಿರದ ಪೊಲೀಸ್ ಠಾಣೆಯಿಂದ ವರದಿ ತರಿಸುತ್ತಾರೆ. 2019ರ ತಿದ್ದುಪಡಿಯ ಮೇಲೆ ಲೈಸೆನ್ಸಿನ ಅವಧಿ 5 ವರ್ಷ. ಅವಧಿ ತೀರುವ ಮೊದಲೇ ನವೀಕರಿಸಿಕೊಳ್ಳತಕ್ಕದ್ದು.

ಈಗ ಮುಖ್ಯವಾದ ಮಾತು. ಕೋವಿಯ ಲೈಸೆನ್ಸು ಬೇಟೆಯ ಅಪ್ಪಣೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿ, ನರಿ ಮತ್ತು ಗುಳ್ಳೆನರಿ ಮೊದಲನೆಯ ಪಟ್ಟಿಗೆ ಸೇರಿವೆ. ಹುಲಿ, ಆನೆ ಇರುವುದೂ ಅದೇ ಪಟ್ಟಿಯಲ್ಲಿ. ಅವನ್ನು ಕೊಂದವನಿಗೆ 3 ವರ್ಷಕ್ಕೆ ಕಡಿಮೆಯಿಲ್ಲದೆ 7 ವರ್ಷದವರೆಗೆ ಸೆರೆವಾಸ, ಮೇಲೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕೋವಿಯೂ ಕೈಬಿಟ್ಟು ಹೋದೀತು. ಒಂದು ಕುರಿಮರಿಯ ಸಿಟ್ಟಿಗೆ ಮನೆಯ ಯಜಮಾನ ಜೈಲು ಸೇರಿದರೆ ಹೊಲ ಉಳುವವರು ಯಾರು? ಆದ್ದರಿಂದ ನರಿಗೆ ತಕ್ಕ ಕೋವಿ ಯಾವುದೂ ಇಲ್ಲ.

ಹಾಗಾದರೆ ಮಾಡುವುದೇನು? ಮರಿ, ಕೋಳಿಗಳನ್ನು ಕತ್ತಲಾಗುವ ಮೊದಲೇ ಗಟ್ಟಿ ಬಾಗಿಲಿನ ಗೂಡಿಗೆ ಸೇರಿಸಿರಿ. ಗೂಡಿನ ಸುತ್ತಲ ತಂತಿ ಬಲೆಯನ್ನು ನೆಲದೊಳಗೆ ಒಂದು ಅಡಿ ಹೂಳಿರಿ. ನರಿ ತೋಡಿ ನುಗ್ಗುತ್ತದೆ. ಸತ್ತ ದನ, ಕೋಳಿಯ ಕಸ ಬಯಲಿಗೆ ಎಸೆಯದೆ ಆಳವಾಗಿ ಹೂಳಿರಿ. ಒಳ್ಳೆಯ ನಾಯಿ ಸಾಕಿರಿ. ಕರೆಂಟಿನ ತಂತಿ, ವಿಷ, ಸಿಡಿಮದ್ದಿನ ಉಂಡೆ ಇಡಬೇಡಿರಿ. ಅವು ನಿಮ್ಮ ಮಗುವನ್ನೂ ದನವನ್ನೂ ಬಿಡವು. ಕಾಡುಹಂದಿಯಂಥ ಪ್ರಾಣಿಗಳಿಂದ ಬೆಳೆ ಹಾಳಾದರೆ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಹಾಕಿರಿ.

ಇನ್ನೊಂದು ಮಾತು ನೆನಪಿರಲಿ. ನರಿಯ ಊಟದಲ್ಲಿ ಇಲಿಯ ಪಾಲು ದೊಡ್ಡದು. ಹೊಲದಲ್ಲಿ ರಾತ್ರಿ ಸುಳಿದಾಡುವ ನರಿ ನಿಮ್ಮ ಕಾಳನ್ನೂ ಕಾಯುತ್ತಿದೆ.