ಜಾಂಬೆಜಿಯ ಕರೆಂಟು ಡಿಸಿಯಲ್ಲೇ ಯಾಕೆ ಹೋಗುತ್ತೆ?

ಫೆರಾಂಟಿ ಎಫೆಕ್ಟ್ ಅಂದರೆ ನಾವೆಲ್ಲ ಎರಡು ಮಾರ್ಕಿನ ಡೆಫಿನಿಷನ್ ಬರೆದು ಮುಂದೆ ಹೋಗಿಬಿಡುತ್ತೇವೆ. ಈ ಸಲ ಅದನ್ನ ಒಂದು ನಿಜವಾದ ಲೈನಿಗೆ ಹಚ್ಚಿ ನೋಡೋಣ.

ಮೊಜಾಂಬಿಕ್‌ನಲ್ಲಿ ಜಾಂಬೆಜಿ ನದಿಗೆ ಕಟ್ಟಿದ ಕಹೋರಾ ಬಾಸಾ ಅಣೆಕಟ್ಟಿದೆ. ಐದು ಟರ್ಬೈನು, ಒಂದೊಂದೂ 415 ಮೆಗಾವಾಟ್. ಕರೆಂಟು ಬೇಕಾಗಿದ್ದು ಮಾತ್ರ ಸುಮಾರು 1420 ಕಿ.ಮೀ. ಆಚೆ, ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಬಳಿಯ ಅಪೊಲೊ ಸ್ಟೇಷನ್ನಿನಲ್ಲಿ.

ಎಸಿಯಲ್ಲೇ ಕಳಿಸಿದ್ದರೆ? 50 ಹರ್ಟ್ಜ್ ಅಲೆಯ ಉದ್ದ ಸುಮಾರು 6000 ಕಿ.ಮೀ. 1420ನ್ನು 6000ದಿಂದ ಭಾಗಿಸಿ 360ರಿಂದ ಗುಣಿಸಿದರೆ 85 ಡಿಗ್ರಿ ಬರುತ್ತೆ. ನಷ್ಟವಿಲ್ಲದ, ಲೋಡೂ ಇಲ್ಲದ ಲೈನಿನಲ್ಲಿ ಆ ತುದಿಯ ವೋಲ್ಟೇಜ್ ಅಂದರೆ ಈ ತುದಿಯದನ್ನು ಕಾಸ್ 85ರಿಂದ ಭಾಗಿಸಿದಷ್ಟು. ಕ್ಯಾಲ್ಕುಲೇಟರ್ ಒತ್ತಿ ನೋಡಿ, ಹನ್ನೊಂದು ಪಟ್ಟಿಗೂ ಹೆಚ್ಚು! ಅಷ್ಟಕ್ಕೆ ಯಾವ ಇನ್ಸುಲೇಟರೂ ತಡೆಯೋದಿಲ್ಲ. ದಾರಿಯುದ್ದಕ್ಕೂ ರಿಯಾಕ್ಟರ್, ಕೆಪಾಸಿಟರ್, ಸಬ್‌ಸ್ಟೇಷನ್ ಕೂರಿಸಿ ಪಳಗಿಸಬಹುದು, ಆದರೆ ಕಾಡಿನ ನಡುವೆ ಅದಕ್ಕೆಲ್ಲ ದುಡ್ಡು ಸುರಿಯಬೇಕು. ಡಿಸಿಗೆ ಫ್ರೀಕ್ವೆನ್ಸಿಯೇ ಇಲ್ಲವಲ್ಲ, ಈ ತಲೆನೋವೂ ಇಲ್ಲ.

ಹಾಗಾಗಿ ಅಣೆಕಟ್ಟಿನ ಪಕ್ಕದ ಸೊಂಗೊದಲ್ಲಿ ಥೈರಿಸ್ಟರ್‌ಗಳು ಎಸಿಯನ್ನು ಡಿಸಿ ಮಾಡುತ್ತವೆ, ಅಪೊಲೊದಲ್ಲಿ ಮತ್ತೆ ಎಸಿ. ವೋಲ್ಟೇಜ್ ±533 ಕಿಲೋವೋಲ್ಟ್, ಅಂದರೆ ಎರಡು ಪೋಲ್‌ಗಳ ನಡುವೆ 1066. 1920 ಮೆಗಾವಾಟ್ ಕಳಿಸಲು 1800 ಆಂಪಿಯರ್ ಸಾಕು. ವೋಲ್ಟೇಜ್ ಅರ್ಧ ಆಗಿದ್ದರೆ ಕರೆಂಟು ಎರಡು ಪಟ್ಟು, ಅದೇ ತಂತಿಯಲ್ಲಿ ನಷ್ಟ ನಾಲ್ಕು ಪಟ್ಟು.

ನಮಗೆ ತುಂಬ ಹಿಡಿಸಿದ್ದು ಟವರುಗಳ ವಿಷಯ. ಸಾಮಾನ್ಯವಾಗಿ ಎರಡೂ ಪೋಲ್ ಒಂದೇ ಟವರಿನ ಎರಡು ತೋಳುಗಳ ಮೇಲಿರುತ್ತವೆ. ಇಲ್ಲಿ ಒಂದೊಂದಕ್ಕೂ ಬೇರೆ ಟವರು ಸಾಲು, ನಡುವೆ ಸುಮಾರು ಒಂದು ಕಿ.ಮೀ. ಅಂತರ. ಒಂದು ಸಾಲು ಬಿದ್ದರೂ ಇನ್ನೊಂದು, ಭೂಮಿಯನ್ನೇ ವಾಪಸು ತಂತಿ ಮಾಡಿಕೊಂಡು, ಅರ್ಧ ಪವರ್ ಒಯ್ಯಬಲ್ಲದು. ಲೆಕ್ಕ ಸರಿಯೇ ಇತ್ತು. ಆದರೆ 1980ರ ದಶಕದ ಅಂತರ್ಯುದ್ಧದಲ್ಲಿ ಎರಡೂ ಸಾಲುಗಳ ಟವರುಗಳನ್ನು ಉರುಳಿಸಿಬಿಟ್ಟರು. ನೀರಿತ್ತು, ಟರ್ಬೈನೂ ಇತ್ತು, ಲೈನೇ ಇರಲಿಲ್ಲ. ಮತ್ತೆ ಸರಿಯಾಗಿ ಕರೆಂಟು ಹರಿದದ್ದು 1990ರ ದಶಕದ ಕೊನೆಗೆ.

ಇನ್ನೊಂದು ತಮಾಷೆ ಕೇಳಿ: ಮೊಜಾಂಬಿಕ್‌ನ ರಾಜಧಾನಿ ಮಪುಟೊಗೆ ಈ ಕರೆಂಟು ಬರೋದು ದಕ್ಷಿಣ ಆಫ್ರಿಕಾ ಸುತ್ತಿಕೊಂಡು.

ನಮ್ಮ ಕೋಲಾರಕ್ಕೂ ಒಡಿಶಾದ ತಾಲ್ಚೇರ್‌ನಿಂದ ಹೆಚ್ಚುಕಮ್ಮಿ ಇಷ್ಟೇ ಉದ್ದದ ಡಿಸಿ ಲೈನಿದೆ. ಅಲ್ಲಿರೋದು ಅಣೆಕಟ್ಟಲ್ಲ, ಕಲ್ಲಿದ್ದಲು. ±500 ಕಿಲೋವೋಲ್ಟ್, ಮೊದಲಿಗೆ 2000 ಮೆಗಾವಾಟ್. ಆಂಪಿಯರ್ ಎಷ್ಟು ಅಂತ ನೀವೇ ಲೆಕ್ಕ ಹಾಕಿ.