ಅಪ್ಪನ ರೇಸ್ ಸೈಕಲ್ಲಿಗೆ ಎಷ್ಟು ಹೇಳಲಿ?

ವಿಜಯಪುರದ ಓದುಗರೇ, ಎಂಬತ್ತರ ದಶಕದಲ್ಲಿ ಅಪ್ಪ ರೇಸಿಗೆ ಓಡಿಸಿದ ಸೈಕಲ್ಲು ನಿಮಗೆ ಪ್ರಾಣ, ಸರಿ. ಆದರೆ ಕೊಳ್ಳುವವನು ನೆನಪಿಗೆ ದುಡ್ಡು ಬಿಚ್ಚುವುದಿಲ್ಲ.

ಮೊದಲು ಫ್ರೇಮ್ ನೋಡಿ. ಸೀಟಿನ ಕೆಳಗಿನ ಕೊಳವೆಯ ಮೇಲೆ 'ರೆನಾಲ್ಡ್ಸ್ 531' ಅಥವಾ 'ಕೊಲಂಬಸ್' ಎಂಬ ಒಳ್ಳೆಯ ಉಕ್ಕಿನ ಕೊಳವೆಗಳ ಸ್ಟಿಕ್ಕರ್ ಉಳಿದಿದೆಯೇ? ಉದುರಿದ್ದರೆ ಸೀಟ್ ಪೋಸ್ಟ್ ಹೊರಗೆಳೆದು ಅದರ ಮೇಲಿನ ಅಂಕಿ ಓದಿ. 27.2 ಎಂದಿದ್ದರೆ ಕೊಳವೆ ತೆಳು, ದರ್ಜೆ ಒಳ್ಳೆಯದು ಎನ್ನಲು ಗಟ್ಟಿ ಸುಳಿವು. 26ರ ಆಸುಪಾಸಿದ್ದರೆ ಬಹುಶಃ ಸಾಧಾರಣ ಉಕ್ಕು. ಪೋಸ್ಟ್ ಅಲುಗಾಡಲೇ ಇಲ್ಲವೋ, ಪೋಸ್ಟಿನ ಅಲ್ಯೂಮಿನಿಯಂ ಫ್ರೇಮಿನ ಉಕ್ಕಿಗೆ ಕಚ್ಚಿಕೊಂಡಿದೆ. ಸುತ್ತಿಗೆ ಎತ್ತಬೇಡಿ, ಅನುಭವಿ ಮೆಕ್ಯಾನಿಕ್ ಬಳಿ ಒಯ್ಯಿರಿ, ಆ ಖರ್ಚನ್ನು ಬೆಲೆಯಿಂದ ಕಳೆಯಿರಿ. ಗೇರು, ಬ್ರೇಕು ಎಲ್ಲ ಕ್ಯಾಂಪಗ್ನೋಲೊ ಕಂಪನಿಯ ಒಂದೇ ಸೆಟ್ಟಾಗಿದ್ದರೆ ಬೆಲೆ ಏರುತ್ತದೆ. ನಡುವೆ ಯಾರೋ ಸಿಕ್ಕಿದ್ದನ್ನು ಜೋಡಿಸಿದ್ದರೆ ಇಳಿಯುತ್ತದೆ.

ಜಾಹೀರಾತಿನಲ್ಲಿ ಜನ ಕೇಳುವ ಬೆಲೆ ಬರೀ ಆಸೆ. ನಿಜಕ್ಕೂ ಮಾರಾಟವಾದ ಬೆಲೆಯನ್ನು ಹುಡುಕಿ, ಅದೂ ಭಾರತದಲ್ಲಿ. ಇಟಲಿಯ ಬೆಲೆ ಇಲ್ಲಿ ನಡೆಯದು. ಒಂದು ಲೆಕ್ಕ: ಅಂಥದ್ದೇ ಸೈಕಲ್ಲು ಓಡುವ ಸ್ಥಿತಿಯಲ್ಲಿ 40,000ಕ್ಕೆ ಹೋಗಿದ್ದು, ನಿಮ್ಮದಕ್ಕೆ ಟೈರು, ಚೈನು, ಕೇಬಲ್, ಗ್ರೀಸು, ಕೂಲಿ ಸೇರಿ 9,000 ಬೇಕೆಂದರೆ ನ್ಯಾಯವಾದ ಬೆಲೆ 31,000. 34,000 ಹೇಳಿ, ಚೌಕಾಸಿಗೆ ಜಾಗ ಇರಲಿ. ಫ್ರೇಮ್ ತೀರಾ ದೊಡ್ಡದಾದರೆ, 60 ಸೆಂ.ಮೀ. ಎನ್ನಿ, ಗಿರಾಕಿ ಕಡಿಮೆ, ಇನ್ನಷ್ಟು ಇಳಿಯಬೇಕಾದೀತು.

ಮಾರುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸಿ, ಸಾಕು. ಹೊಸ ಪೇಂಟ್ ಮಾತ್ರ ದಯವಿಟ್ಟು ಹೊಡೆಸಬೇಡಿ.