ಎದೆಯುರಿ: ಯಾವಾಗ ಆಸ್ಪತ್ರೆಗೆ?

ರಾತ್ರಿ ಊಟ ಆಯಿತು. ದಣಿವಾಗಿತ್ತು. ಕೂಡಲೇ ಮಲಗಿದಿರಿ. ಸ್ವಲ್ಪ ಹೊತ್ತಿಗೆ ಎದೆಯಲ್ಲಿ ಉರಿ. ಬಾಯಿಗೆ ಹುಳಿ ನೀರು. ಇದೇ ಎದೆಯುರಿ.

ಇದು ಏಕೆ ಬರುತ್ತದೆ? ನಮ್ಮ ಹೊಟ್ಟೆಯಲ್ಲಿ ಉಂಡದ್ದನ್ನು ಅರಗಿಸುವ ಹುಳಿ ರಸ ಇದೆ. ಅದೇ ಆಮ್ಲ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಬಿಗಿಯಾದ ಬಾಯಿ ಇದೆ. ಆ ಬಾಯಿ ಸಡಿಲವಾದರೆ ಆಮ್ಲ ಮೇಲಕ್ಕೆ ಬರುತ್ತದೆ. ಅನ್ನನಾಳ ಉರಿಯುತ್ತದೆ.

ಎಂದೋ ಒಮ್ಮೆ ಬಂದರೆ ಹೆದರಬೇಡಿ. ಖಾರ, ಕರಿದ ತಿಂಡಿ, ಕಾಫಿ, ಟೀ ಕಡಿಮೆ ಮಾಡಿ. ಉಂಡು 2–3 ಗಂಟೆ ಬಿಟ್ಟು ಮಲಗಿ. ಎಲ್ಲರೂ ಉಂಡ ಮೇಲೆ ಉಣ್ಣುವ ನಮಗೆ ಇದು ಕಷ್ಟ, ನಿಜ. ಒಂದು ದಿನ ಮೊದಲೇ ಉಂಡರೆ ಮನೆ ಮುಳುಗುವುದಿಲ್ಲ!

ಕಲಿಕಾ ಕೇಂದ್ರಕ್ಕೆ ನರ್ಸಮ್ಮ ಬಂದಿದ್ದರು. ಒಬ್ಬರು ಕೇಳಿದರು:

"ವಾರಕ್ಕೆ ಮೂರು ನಾಲ್ಕು ಸಲ ಉರಿ ಬರುತ್ತೆ ನರ್ಸಮ್ಮ. ಅಂಗಡಿ ಗುಳಿಗೆ ನುಂಗ್ತೀನಿ. ಸಾಲದಾ?"

"ಸಾಲದು ಅಕ್ಕ. ವಾರಕ್ಕೆ 2 ಸಲಕ್ಕಿಂತ ಹೆಚ್ಚು ಬಂದರೆ ಡಾಕ್ಟರಿಗೆ ತೋರಿಸಬೇಕು. ಮಂಡಿನೋವಿಗೆ ಗುಳಿಗೆ ತಗೋತೀರಾ?"

"ಹೂಂ, ದಿನಾ ಒಂದು."

"ಅದನ್ನೂ ಹೇಳಿ. ಕೆಲವು ನೋವಿನ ಗುಳಿಗೆಯಿಂದ ಹೊಟ್ಟೆಯಲ್ಲಿ ಹುಣ್ಣಾಗುತ್ತೆ. ನುಂಗಿದ ತುತ್ತು ಸಿಕ್ಕಿಕೊಂಡರೆ, ಕಾರಣವಿಲ್ಲದೆ ಮೈ ಇಳಿದರೆ ತಡ ಮಾಡಬೇಡಿ. ವಾಂತಿಯಲ್ಲಿ ರಕ್ತ ಬಂದರೆ, ಮಲ ಟಾರಿನ ಹಾಗೆ ಕಪ್ಪಗೆ ಅಂಟಂಟಾದರೆ ಕೂಡಲೇ ಆಸ್ಪತ್ರೆಗೆ ಹೋಗಿ."

"ಕಬ್ಬಿಣಾಂಶದ ಗುಳಿಗೆ ನುಂಗಿದರೂ ಕಪ್ಪಗಾಗುತ್ತಲ್ಲ?"

"ಆಗುತ್ತೆ. ಅದಕ್ಕೆ ಹೆದರಬೇಡಿ. ಆದರೆ ಅಂಟು, ಕೆಟ್ಟ ವಾಸನೆ, ತಲೆಸುತ್ತು ಇದ್ದರೆ ಒಳಗೆ ರಕ್ತ ಸೋರುತ್ತಿರಬಹುದು."

ನರ್ಸಮ್ಮ ಇನ್ನೊಂದು ಮಾತು ಹೇಳಿದರು. "ಎದೆ ಹಿಂಡಿದ ಹಾಗೆ, ಕಲ್ಲು ಹೇರಿದ ಹಾಗೆ ಆಗುತ್ತೆ. ನೋವು ತೋಳಿಗೆ, ದವಡೆಗೆ, ಬೆನ್ನಿಗೆ ಹರಿಯುತ್ತೆ. ಬೆವರು ಕಿತ್ತು ಬರುತ್ತೆ. ಉಸಿರು ಕಟ್ಟುತ್ತೆ. ಇದನ್ನು ಗ್ಯಾಸು ಅಂತ ಬಿಡಬೇಡಿ. ಹೃದಯಾಘಾತ ಇರಬಹುದು. ಹೆಂಗಸರಿಗೆ ಕೆಲವು ಸಲ ಎದೆನೋವು ಜೋರಾಗಿ ಇರೋದೇ ಇಲ್ಲ. ಸುಸ್ತು, ವಾಕರಿಕೆ, ಬೆವರು ಅಷ್ಟೇ. ಸೋಡಾ ಕುಡಿದು ಮಲಗಬೇಡಿ. ಬೆಳಗಾಗಲಿ, ಯಜಮಾನರು ಬರಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆ ಆಂಬುಲೆನ್ಸಿಗೆ ದುಡ್ಡು ಕೊಡಬೇಕಾಗಿಲ್ಲ."

"ಮೂರೇ ಅಂಕಿ ತಾನೇ? ನಮಗೆ ಬರೆಯಲು ಬರುತ್ತೆ" ಎಂದರು ಆ ಅಕ್ಕ. ಅಂದೇ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು.

ಓದಿ, ಬರೆಯಿರಿ: ಎದೆಯುರಿ, ಆಮ್ಲ, ಅನ್ನನಾಳ, ಆಸ್ಪತ್ರೆ, 108.